ಮೆದುಳಿನ ರಕ್ತನಾಳದ ಗುಳ್ಳೆ: ಕ್ಲಿಪ್ಪೋ, ಕಾಯಿಲೋ, ಸುಮ್ಮನೆ ಬಿಡುವುದೋ?

ಐಸಿಯು ಹೊರಗೆ ಕೂತ ಮನೆಯವರ ಮುಂದೆ ಒಪ್ಪಿಗೆ ಪತ್ರ ಹಿಡಿದು, "ತಲೆಬುರುಡೆ ತೆರೆದು ಗುಳ್ಳೆಯ ಬಾಯಿಗೆ ಕ್ಲಿಪ್ ಹಾಕಬಹುದು, ಇಲ್ಲ ತೊಡೆಯ ರಕ್ತನಾಳದಿಂದ ಹೋಗಿ ಗುಳ್ಳೆಯೊಳಗೆ ಕಾಯಿಲ್, ಅಂದರೆ ಲೋಹದ ತಂತಿಯ ಸುರುಳಿ, ತುಂಬಬಹುದು, ಏನ್ಮಾಡೋಣ?" ಎಂದು ಡಾಕ್ಟರು ಕೇಳಿದರೆ ಹೆಚ್ಚಿನವರು ಎರಡನೆಯದಕ್ಕೇ ತಲೆಯಾಡಿಸುತ್ತಾರೆ. ತಲೆ ಕೊಯ್ಯುವುದಿಲ್ಲವಲ್ಲ, ಅಷ್ಟು ಸಾಕು. ಖರ್ಚಿನ ಅಂದಾಜು ಪಟ್ಟಿ ಕೈಗೆ ಬಂದ ಮೇಲೆ ಕೆಲವರು ಮೊದಲನೆಯದಕ್ಕೆ ವಾಲುತ್ತಾರೆ. ಹೀಗೆ ಆರಿಸಿದ್ದು ಸರಿಹೋದರೆ ಅದೃಷ್ಟ. ಗುಳ್ಳೆ ಒಡೆದಿದೆಯೇ, ಯಾವ ಕವಲಿನಲ್ಲಿದೆ, ಅದರ ಕತ್ತು ಎಷ್ಟು ಅಗಲ, ರೋಗಿಯ ವಯಸ್ಸೆಷ್ಟು ಎಂಬ ನಾಲ್ಕು ವಿಷಯ ಗೊತ್ತಾದರೆ ಬಹಳಷ್ಟು ರೋಗಿಗಳಲ್ಲಿ ಉತ್ತರ ತಾನಾಗಿಯೇ ಒಂದು ಕಡೆ ವಾಲುತ್ತದೆ. ಐದನೆಯದೊಂದಿದೆ: ಆ ಆಸ್ಪತ್ರೆಯಲ್ಲಿ ಎರಡೂ ಕೆಲಸ ಗೊತ್ತಿರುವವರು ಇದ್ದಾರೆಯೇ ಎಂಬುದು. ಒಂದೇ ಗೊತ್ತಿರುವ ಕಡೆ ಎಲ್ಲ ಗುಳ್ಳೆಗೂ ಅದೊಂದೇ ಔಷಧ.

ಮೊದಲು ಒಂದು ಗೊಂದಲ ಕಳೆಯೋಣ. ನಮ್ಮಲ್ಲಿ ರಕ್ತನಾಳಕ್ಕೂ ನರ ಎನ್ನುತ್ತೇವೆ, ಸಂವೇದನೆ ಒಯ್ಯುವ ತಂತುವಿಗೂ ನರವೇ. "ಮೆದುಳಿನ ನರ ಒಡೆದಿದೆ" ಎಂದಾಗ ಒಡೆದಿರುವುದು ರಕ್ತನಾಳ. ಬಿಪಿ ಏರಿ ಮೆದುಳಿನ ಒಳಗೇ ಸಣ್ಣ ನಾಳ ಒಡೆದು ಆಗುವ ರಕ್ತಸ್ರಾವ ಬೇರೆ. ಅದಕ್ಕೆ ಕ್ಲಿಪ್ಪೂ ಇಲ್ಲ, ಕಾಯಿಲೂ ಇಲ್ಲ. ಇಲ್ಲಿ ಹೇಳುತ್ತಿರುವುದು ಅನ್ಯೂರಿಸಂ, ಅಂದರೆ ಮೆದುಳಿನ ಬುಡದಲ್ಲಿ ಮೂರು-ನಾಲ್ಕು ಮಿಲಿಮೀಟರ್ ಅಗಲದ ಅಪಧಮನಿಗಳು ಕವಲೊಡೆಯುವ ಮೂಲೆಯಲ್ಲಿ ಗೋಡೆ ಸವೆದು ಹೊರಕ್ಕೆ ಉಬ್ಬಿದ ಗುಳ್ಳೆಯ ಬಗ್ಗೆ. ನಾಳದಿಂದ ಗುಳ್ಳೆಗೆ ರಕ್ತ ನುಗ್ಗುವ ಬಾಯಿಗೆ ಕತ್ತು ಎನ್ನುತ್ತಾರೆ. ಮುಂದಿನ ಮಾತೆಲ್ಲ ಈ ಕತ್ತಿನ ಸುತ್ತಲೇ. ಗುಳ್ಳೆ ಒಡೆದರೆ ರಕ್ತ ಮೆದುಳಿನ ಹೊರಮೈಯನ್ನು ಸುತ್ತಿರುವ ನೀರಿಗೆ ಸೇರುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಎಸ್‌ಎಎಚ್ ಎಂದು ಬರೆಯುವುದು ಇದನ್ನೇ.

ಒಡೆದಿದ್ದರೆ ಕಾಯುವ ಆಯ್ಕೆ ಇಲ್ಲ

ಕ್ಷಣದಲ್ಲಿ ಶಿಖರಕ್ಕೇರುವ, ಹಿಂದೆಂದೂ ಬಾರದಂಥ ತಲೆನೋವು, ವಾಂತಿ, ಕುತ್ತಿಗೆ ಬಿಗಿಯುವುದು, ಕೆಲವರಿಗೆ ಒಂದೆರಡು ನಿಮಿಷ ಎಚ್ಚರ ತಪ್ಪುವುದು ಇದರ ಗುರುತು. ಗ್ಯಾಸ್ಟ್ರಿಕ್ ತಲೆನೋವು, ಮೈಗ್ರೇನ್, ದೃಷ್ಟಿ ತಾಗಿದೆ ಎಂದು ಮನೆಯಲ್ಲಿ ಎರಡು ದಿನ ಕಳೆಯುವುದೇ ಇಲ್ಲಿ ಎಲ್ಲಕ್ಕಿಂತ ದುಬಾರಿ ತಪ್ಪು. ನೋವು ಶುರುವಾದ ಆರು ಗಂಟೆಯೊಳಗೆ ಒಳ್ಳೆಯ ಯಂತ್ರದಲ್ಲಿ ಮಾಡಿದ ಸಿಟಿ ಸ್ಕ್ಯಾನ್ ಹೆಚ್ಚುಕಡಿಮೆ ಎಲ್ಲ ರಕ್ತಸ್ರಾವವನ್ನೂ ಹಿಡಿಯುತ್ತದೆ. ದಿನ ಕಳೆದಂತೆ ರಕ್ತ ಕರಗಿ ಸ್ಕ್ಯಾನ್ ಮೋಸ ಮಾಡಬಹುದು. ಆಗ ಬೆನ್ನಿನಿಂದ ನೀರು ತೆಗೆದು ಹಳದಿ ಛಾಯೆ ಇದೆಯೇ ಎಂದು ನೋಡಬೇಕಾಗುತ್ತದೆ.

ಒಡೆದ ಗುಳ್ಳೆಯ ಬಾಯಿಗೆ ಸದ್ಯಕ್ಕೆ ಹೆಪ್ಪುಗಟ್ಟಿದ ರಕ್ತವೇ ಬಿರಡೆ. ಅದು ಕಿತ್ತುಬಂದರೆ ಎರಡನೇ ರಕ್ತಸ್ರಾವ, ಮತ್ತು ಎರಡನೆಯದರಲ್ಲಿ ಉಳಿಯುವವರು ಕಡಿಮೆ. ಈ ಅಪಾಯ ಮೊದಲ 24 ಗಂಟೆಯಲ್ಲೇ ಅತಿ ಹೆಚ್ಚು. ಆದ್ದರಿಂದಲೇ ಕ್ಲಿಪ್ಪಾಗಲಿ ಕಾಯಿಲಾಗಲಿ, ಸಾಧ್ಯವಾದರೆ 24 ಗಂಟೆಯೊಳಗೆ ಗುಳ್ಳೆ ಮುಚ್ಚಬೇಕು ಎಂಬುದು ಇಂದಿನ ನಿಯಮ. ಸರಿಯಾದ ವಿಧಾನಕ್ಕಾಗಿ ನಾಲ್ಕು ಗಂಟೆ ಪಯಣಿಸಿ ದೊಡ್ಡ ಕೇಂದ್ರಕ್ಕೆ ಹೋಗುವುದು ಲೆಕ್ಕಕ್ಕೆ ಸಿಗುವ ಮಾತು. ಎರಡನೇ ಅಭಿಪ್ರಾಯ ಬೇಕೆಂದು ನಾಲ್ಕು ದಿನ ಅಲೆಯುವುದು ಸಿಗದ ಮಾತು.

ಕಲಬುರಗಿಯಿಂದಲೋ ಶಿರಸಿಯಿಂದಲೋ ರೋಗಿಯನ್ನು ಸಾಗಿಸುವಾಗ ನೆನಪಿಡಬೇಕಾದದ್ದು ಕೆಲವೇ. ಸಿಸ್ಟಾಲಿಕ್ ಬಿಪಿಯನ್ನು, ಅಂದರೆ ಬಿಪಿಯ ಮೇಲಿನ ಅಂಕಿಯನ್ನು, ಸಾಮಾನ್ಯವಾಗಿ 160ಕ್ಕಿಂತ ಕೆಳಗಿಡುತ್ತಾರೆ, ಆದರೆ ಒಮ್ಮೆಲೇ ಪಾತಾಳಕ್ಕೆ ಇಳಿಸುವುದಿಲ್ಲ, ಇಳಿಸಿದರೆ ಮೆದುಳಿಗೆ ರಕ್ತವೇ ಸಾಲದು. ನೋವಿಗೆ ಪ್ಯಾರಾಸಿಟಮಾಲ್ ಸರಿ, ಆಸ್ಪಿರಿನ್ ಬೇಡ. ರೋಗಿ ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನು ಮೊದಲ ವಾಕ್ಯದಲ್ಲೇ ಹೇಳಿ. ವಾಂತಿ ತಡೆಯಲು, ತಿಣುಕಿ ಒತ್ತಡ ಹಾಕದಂತೆ ಮಲ ಸಡಿಲಿಸಲು ಔಷಧ ಕೊಡಿಸಿ. ಇನ್ನೊಂದು ಸಣ್ಣ ವಿಷಯ, ಆದರೆ ಗಂಟೆಗಟ್ಟಲೆ ಉಳಿಸುತ್ತದೆ: ಫಿಲಂ ಅನ್ನು ಕಿಟಕಿಗೆ ಹಿಡಿದು ತೆಗೆದ ವಾಟ್ಸಾಪ್ ಫೋಟೊ ಸಾಲದು, ಸ್ಕ್ಯಾನಿನ ಪೂರ್ತಿ ಸಿಡಿ ತನ್ನಿ. ಗುಳ್ಳೆಯನ್ನು ಅಳೆಯಲು ಆ ತೆಳು ಪದರಗಳೆಲ್ಲ ಬೇಕು. ಇಲ್ಲದಿದ್ದರೆ ಡೈ ಹಾಕಿ ಮತ್ತೆ ಸಿಟಿ ಆಂಜಿಯೋ (ರಕ್ತನಾಳಗಳ ಸ್ಕ್ಯಾನ್) ಮಾಡುತ್ತಾರೆ, ಕಿಡ್ನಿಗೆ ಇನ್ನೊಂದು ಹೊರೆ.

ಕ್ಲಿಪ್ ಹಾಕುವುದೆಂದರೆ

1937ರ ಮಾರ್ಚ್‌ನಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ವಾಲ್ಟರ್ ಡ್ಯಾಂಡಿ ಬೆಳ್ಳಿಯ ಕ್ಲಿಪ್ಪೊಂದನ್ನು ಗುಳ್ಳೆಯ ಕತ್ತಿಗೆ ಹಾಕಿದರು. ತತ್ವ ಇಂದಿಗೂ ಅದೇ, ಬದಲಾದದ್ದು ಸೂಕ್ಷ್ಮದರ್ಶಕ ಮತ್ತು ಲೋಹ. ತಲೆಯನ್ನು ಮೂರು ಮೊಳೆಗಳ ಚೌಕಟ್ಟಿನಲ್ಲಿ ಅಲ್ಲಾಡದಂತೆ ಬಿಗಿದು, ಕೂದಲಿನ ಗೆರೆಯ ಹಿಂದೆ ಚರ್ಮ ಕೊಯ್ದು, ಕಣತಲೆಯ ಬಳಿ ಮೂಳೆಯ ಒಂದು ತುಂಡು ತೆಗೆಯುತ್ತಾರೆ. ಮೆದುಳನ್ನು ಕೊಯ್ಯುವುದಿಲ್ಲ. ಹಣೆಯ ಕಡೆಯ ಭಾಗಕ್ಕೂ ಕಿವಿಯ ಕಡೆಯ ಭಾಗಕ್ಕೂ ನಡುವಿನ ಬಿರುಕನ್ನು ಬಿಡಿಸಿ, ನೀರು ಹೊರಬಿಟ್ಟು, ಮೆದುಳು ತಾನಾಗಿ ಕುಗ್ಗಿ ಕೊಟ್ಟ ದಾರಿಯಲ್ಲೇ ಆಳಕ್ಕೆ ಇಳಿಯುತ್ತಾರೆ. ಗುಳ್ಳೆಯನ್ನು ಮುಟ್ಟುವ ಮೊದಲು ಅದಕ್ಕೆ ರಕ್ತ ತರುವ ನಾಳ ಕೈಗೆ ಸಿಗಬೇಕು. ಗದ್ದೆಯ ಮಡೆ ಕಟ್ಟುವ ಮುನ್ನ ತೂಬು ಎಲ್ಲಿದೆ ಎಂದು ನೋಡಿಕೊಂಡಂತೆ. ಬೇಕಾದರೆ ಅಲ್ಲಿ ತಾತ್ಕಾಲಿಕ ಕ್ಲಿಪ್ ಹಾಕಿ ಕೆಲವೇ ನಿಮಿಷ ಹರಿವು ನಿಲ್ಲಿಸಿ, ಗುಳ್ಳೆಯ ಕತ್ತನ್ನು ಸುತ್ತಲಿನಿಂದ ಬಿಡಿಸಿ, ಟೈಟೇನಿಯಂ ಕ್ಲಿಪ್ ಕೂರಿಸುತ್ತಾರೆ. ಹೊಳೆಯುವ ಡೈ ರಕ್ತಕ್ಕೆ ಬಿಟ್ಟು, ಗುಳ್ಳೆಗೆ ರಕ್ತ ಹೋಗುತ್ತಿಲ್ಲ, ಪಕ್ಕದ ಕವಲುಗಳಿಗೆ ಹೋಗುತ್ತಿದೆ ಎಂದು ಆಗಲೇ ಖಾತ್ರಿ ಮಾಡಿಕೊಳ್ಳುತ್ತಾರೆ. ಮೂಳೆಯನ್ನು ತಟ್ಟೆ-ತಿರುಪಿನಿಂದ ಮರಳಿ ಕೂರಿಸಿ ಹೊಲಿಯುತ್ತಾರೆ.

ತಪ್ಪುವುದು ಎಲ್ಲಿ? ಕತ್ತಿನ ಹಿಂಬದಿಗೆ ಅಂಟಿಕೊಂಡ ಕೂದಲೆಳೆಯಂಥ ನಾಳ ಕ್ಲಿಪ್ಪಿನ ಅಲಗಿಗೆ ಸಿಕ್ಕಿಕೊಂಡರೆ ಅದು ಉಣಿಸುವ ಮೆದುಳಿನ ತುಣುಕು ಸಾಯುತ್ತದೆ. ಎಚ್ಚರವಾದಾಗ ಒಂದು ಕೈ ಬೀಳಬಹುದು, ಮಾತು ತಡವರಿಸಬಹುದು. ಬಿಡಿಸುವಾಗಲೇ ಗುಳ್ಳೆ ಒಡೆಯಬಹುದು. ಒಡೆದರೂ ಕೈ, ಕಣ್ಣು, ಸಕ್ಷನ್ ಎಲ್ಲ ಅಲ್ಲೇ ಇರುತ್ತವೆ ಎಂಬುದು ಕ್ಲಿಪ್ಪಿನ ಅನುಕೂಲ. ಫಿಟ್ಸ್, ಸೋಂಕು, ಹುಬ್ಬು ಎತ್ತಲಾಗದಿರುವುದು, ವಾಸನೆ ತಿಳಿಯದಿರುವುದು ಉಳಿದ ತೊಂದರೆಗಳು. ಯಾರೂ ಮುಂಚೆ ಹೇಳದ ಒಂದು ಕಿರಿಕಿರಿ ಇದೆ. ಕಣತಲೆಯ ಸ್ನಾಯು ಕೊಯ್ದಿರುವುದರಿಂದ ಕೆಲವು ವಾರ ಬಾಯಿ ಪೂರ್ತಿ ತೆರೆಯಲಾಗದು, ರೊಟ್ಟಿ ಅಗಿಯುವುದು ಕಷ್ಟ, ಆಮೇಲೆ ಅಲ್ಲಿ ಸಣ್ಣ ಗುಳಿ ಉಳಿಯಬಹುದು.

ಕಾಯಿಲ್ ತುಂಬುವುದೆಂದರೆ

ಇಟಲಿ ಮೂಲದ ಗೈಡೊ ಗುಲ್ಯೆಲ್ಮಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿ ರೂಪಿಸಿದ ಪ್ಲಾಟಿನಂ ಕಾಯಿಲನ್ನು ರೋಗಿಗೆ ಮೊದಲು ಬಳಸಿದ್ದು 1990ರಲ್ಲಿ. ಅಮೆರಿಕದ ಔಷಧ-ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿ ಸಿಕ್ಕಿದ್ದು 1995ರಲ್ಲಿ. ತೊಡೆಸಂದಿಯ ಅಥವಾ ಮಣಿಕಟ್ಟಿನ ಅಪಧಮನಿಗೆ ಸುಮಾರು ಎರಡು ಮಿಲಿಮೀಟರ್ ಅಗಲದ ನಳಿಕೆ ಇಟ್ಟು, ಕುತ್ತಿಗೆಯ ನಾಳದವರೆಗೆ ಒಂದು ಕ್ಯಾಥೆಟರ್ (ತೆಳು ಕೊಳವೆ), ಅದರೊಳಗಿನಿಂದ ಗುಳ್ಳೆಯ ಬಾಯಿಯವರೆಗೆ ಇನ್ನೂ ಸಣ್ಣದೊಂದು ಕ್ಯಾಥೆಟರ್ ಒಯ್ಯುತ್ತಾರೆ. ಮೊದಲ ಕಾಯಿಲ್ ಗುಳ್ಳೆಯ ಅಗಲಕ್ಕೆ ಸರಿಹೊಂದುವುದು, ಅದು ಒಳಗೆ ಸುರುಳಿಸುತ್ತಿ ಬುಟ್ಟಿಯಂತೆ ಕೂರುತ್ತದೆ. ಆಮೇಲೆ ಒಂದೊಂದಾಗಿ ಸಣ್ಣವನ್ನು ತುಂಬುತ್ತಾರೆ. ಸರಿಯಾಗಿ ಕೂತಿದೆ ಎಂದು ಖಾತ್ರಿಯಾದ ಮೇಲಷ್ಟೇ ತಂತಿಯಿಂದ ಬೇರ್ಪಡಿಸುತ್ತಾರೆ, ಕೂರದಿದ್ದರೆ ಎಳೆದುಕೊಳ್ಳಬಹುದು. ಎಷ್ಟೇ ಗಿಡಿದರೂ ಲೋಹ ತುಂಬುವುದು ಗುಳ್ಳೆಯ ಜಾಗದ ಕಾಲು ಭಾಗದ ಆಸುಪಾಸು. ಉಳಿದದ್ದನ್ನು ತುಂಬುವುದು ಹೆಪ್ಪುಗಟ್ಟಿದ ರಕ್ತ. ಕಾಯಿಲಿನ ಮುಖ್ಯ ದೌರ್ಬಲ್ಯದ ಬೇರು ಇಲ್ಲಿದೆ: ರಕ್ತದ ಹೊಡೆತಕ್ಕೆ ಆ ಮುದ್ದೆ ತಿಂಗಳುಗಳಲ್ಲಿ ಒತ್ತಿಕೊಂಡು ಕತ್ತಿನ ಬಳಿ ಮತ್ತೆ ಜಾಗ ತೆರೆದುಕೊಳ್ಳಬಹುದು. ಕಾಯಿಲ್ ಹಾಕಿದ ಐದರಲ್ಲಿ ಒಂದು ಗುಳ್ಳೆ ಸ್ವಲ್ಪವಾದರೂ ತೆರೆದುಕೊಳ್ಳುತ್ತದೆ, ಹತ್ತರಲ್ಲಿ ಒಂದಕ್ಕೆ ಮತ್ತೆ ಚಿಕಿತ್ಸೆ ಬೇಕಾಗುತ್ತದೆ.

ಕತ್ತು 4 ಮಿಲಿಮೀಟರ್‌ಗಿಂತ ಕಿರಿದಾಗಿದ್ದು, ಗುಳ್ಳೆಯ ಅಗಲ ಕತ್ತಿನ ಎರಡರಷ್ಟಾದರೂ ಇದ್ದರೆ ಕಾಯಿಲ್ ಕೂರುವುದು ಸುಲಭ. ಚೊಂಬಿನ ಬಾಯಿ ಕಿರಿದು, ಹಾಕಿದ್ದು ಹೊರಗೆ ಬೀಳದು. ಬಟ್ಟಲಿನಂಥ ಅಗಲ ಬಾಯಿಯಾದರೆ ಕಾಯಿಲ್ ಮುಖ್ಯ ನಾಳಕ್ಕೆ ಜಾರುತ್ತದೆ. ಆಗ ಬಾಯಿಗೆ ಅಡ್ಡ ಬಲೂನು ಉಬ್ಬಿಸಿ ಹಿಡಿಯುತ್ತಾರೆ, ಇಲ್ಲವೇ ಸ್ಟೆಂಟ್ ಇಡುತ್ತಾರೆ. ಸ್ಟೆಂಟ್ ಇಟ್ಟರೆ ರಕ್ತ ತೆಳುವಾಗಿಸುವ ಎರಡು ಮಾತ್ರೆ ತಪ್ಪವು, ಅದರ ಕಷ್ಟ ಮುಂದೆ ಹೇಳುತ್ತೇವೆ. 3 ಮಿಲಿಮೀಟರ್‌ಗಿಂತ ಚಿಕ್ಕ ಗುಳ್ಳೆಯಲ್ಲಿ ಕ್ಯಾಥೆಟರ್ ತುದಿಯೇ ಗೋಡೆ ತೂರುವ ಭಯ ಹೆಚ್ಚು.

ಇಲ್ಲಿ ಕೆಡುವುದು ಹೆಚ್ಚಾಗಿ ರಕ್ತದ ಕರಣೆಯಿಂದ. ಒಳಗಿಟ್ಟ ಲೋಹದ ಮೇಲೆ ಹೆಪ್ಪು ಕಟ್ಟಿ, ಅದು ಮುಂದಕ್ಕೆ ಹರಿದರೆ ಸ್ಟ್ರೋಕ್. ಅದಕ್ಕೇ ಕೆಲಸದುದ್ದಕ್ಕೂ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡುತ್ತಾರೆ. ಆದರೆ ಹೆಪಾರಿನ್ ಹರಿಯುತ್ತಿರುವಾಗಲೇ ಗುಳ್ಳೆ ಒಡೆದರೆ? ತಕ್ಷಣ ಹೆಪಾರಿನ್ನಿನ ಪ್ರಭಾವ ಅಳಿಸುವ ಪ್ರೊಟಮಿನ್ ಕೊಟ್ಟು, ಇನ್ನಷ್ಟು ಕಾಯಿಲ್ ತುರುಕಿ ನಿಲ್ಲಿಸುತ್ತಾರೆ. ತೆರೆದ ತಲೆಯಲ್ಲಿ ನಿಲ್ಲಿಸುವುದಕ್ಕಿಂತ ಇದು ಕಷ್ಟ. ತೊಡೆಯಲ್ಲಿ ರಕ್ತ ಕಟ್ಟುವುದು, ಡೈಯಿಂದ ಕಿಡ್ನಿಗೆ ಪೆಟ್ಟು, ಬಹಳ ಹೊತ್ತು ಎಕ್ಸ್‌ರೇ ಬಿದ್ದಲ್ಲಿ ಕೂದಲು ಉದುರುವುದು ಸಣ್ಣ ಪುಟ್ಟವು. ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆ.

ಐಸ್ಯಾಟ್ ಹೇಳಿದ್ದು, ಹೇಳದಿದ್ದದ್ದು

ಈ ಎರಡನ್ನೂ ಎದುರುಬದುರು ಇಟ್ಟು ನೋಡಿದ ದೊಡ್ಡ ಪರೀಕ್ಷೆ ಐಸ್ಯಾಟ್. ಆಕ್ಸ್‌ಫರ್ಡಿನಿಂದ ನಡೆದ ಅದರ ಫಲಿತಾಂಶ 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಗುಳ್ಳೆ ಒಡೆದ 2,143 ಜನರಲ್ಲಿ ಒಂದು ವರ್ಷದ ಹೊತ್ತಿಗೆ ತೀರಿಕೊಂಡವರು ಅಥವಾ ಪರಾವಲಂಬಿಗಳಾದವರು ಕಾಯಿಲ್ ಗುಂಪಿನಲ್ಲಿ 23.7%, ಕ್ಲಿಪ್ ಗುಂಪಿನಲ್ಲಿ 30.6%. ಎಷ್ಟು ಸ್ಪಷ್ಟ ವ್ಯತ್ಯಾಸವೆಂದರೆ ಪರೀಕ್ಷೆಗೆ ರೋಗಿಗಳನ್ನು ಸೇರಿಸುವುದನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಜಗತ್ತು ಕಾಯಿಲ್ ಕಡೆಗೆ ಹೊರಳಿದ್ದು ಅಲ್ಲಿಂದ.

ಕಾಯಿಲ್ ಮೇಲು ಎನ್ನುವವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಮುಂದಿನ ಸಾಲುಗಳೂ ಮುಖ್ಯ. ಪರಿಶೀಲಿಸಿದ 9,559 ಜನರಲ್ಲಿ ಪರೀಕ್ಷೆಗೆ ಸೇರಿದ್ದು ಸುಮಾರು ಐದರಲ್ಲಿ ಒಬ್ಬರು. ಎರಡೂ ವಿಧಾನ ಸಮಾನವಾಗಿ ಹೊಂದುತ್ತವೆ ಎಂದು ಕ್ಲಿಪ್ ಹಾಕುವ, ಕಾಯಿಲ್ ತುಂಬುವ ಇಬ್ಬರೂ ವೈದ್ಯರಿಗೆ ಅನ್ನಿಸಿದವರನ್ನು ಮಾತ್ರ ಸೇರಿಸಿದ್ದರು. ಬಂದವರಲ್ಲಿ ಹೆಚ್ಚಿನವರು ಎಚ್ಚರವಿದ್ದವರು, ಗುಳ್ಳೆಗಳು ಹೆಚ್ಚಾಗಿ 10 ಮಿಲಿಮೀಟರ್ ಒಳಗಿನವು, ಮೆದುಳಿನ ಮುಂಭಾಗದವು. ನಿಮ್ಮವರ ಗುಳ್ಳೆ ಅಗಲ ಕತ್ತಿನದಾಗಿ ಪಕ್ಕದ ಕವಲಿನಲ್ಲಿದ್ದರೆ ಆ 23.7 ಎಂಬ ಸಂಖ್ಯೆ ನಿಮ್ಮದಲ್ಲ. ಅದೇ ರೋಗಿಗಳನ್ನು ಮುಂದೆ ವರ್ಷಗಟ್ಟಲೆ ಗಮನಿಸಿದಾಗ, ಮೊದಲ ವರ್ಷ ಕಳೆದ ಮೇಲೆ ಅದೇ ಗುಳ್ಳೆ ಮತ್ತೆ ಒಡೆದದ್ದು ಕಾಯಿಲ್ ಗುಂಪಿನ 13 ಜನರಲ್ಲಿ, ಕ್ಲಿಪ್ ಗುಂಪಿನ 4 ಜನರಲ್ಲಿ. ಸಂಖ್ಯೆ ಎರಡೂ ಚಿಕ್ಕವೇ, ಹತ್ತು ವರ್ಷದ ಲೆಕ್ಕದಲ್ಲೂ ಜೀವಂತವಾಗಿ ಸ್ವಾವಲಂಬಿಯಾಗಿರುವ ಸಾಧ್ಯತೆ ಕಾಯಿಲ್ ಕಡೆಗೇ ಇತ್ತು. ಆದರೆ ಮೂವತ್ತೈದರ ವಯಸ್ಸಿನವರ ಮುಂದೆ ಇನ್ನೂ ನಲವತ್ತು ವರ್ಷ ಇವೆ. ಅಷ್ಟು ದೂರದ ಹಾದಿಗೆ ಕ್ಲಿಪ್ಪಿನ ಬಾಳಿಕೆ ತೂಕ ಪಡೆಯುತ್ತದೆ.

ಅಮೆರಿಕದ ಫೀನಿಕ್ಸ್‌ನಲ್ಲಿರುವ ಬ್ಯಾರೋ ಸಂಸ್ಥೆಯ ಪರೀಕ್ಷೆ ಇನ್ನೊಂದು ಪಾಠ ಕಲಿಸಿತು. ಅಲ್ಲಿ ಆಯ್ದು ಸೇರಿಸದೆ, ಬಂದವರನ್ನು ಬಂದ ಹಾಗೆ ಹಂಚಿದರು. ಕಾಯಿಲ್ ಪಾಲಿಗೆ ಬಂದವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಜನರಿಗೆ ಗುಳ್ಳೆಯ ಆಕಾರ ಒಗ್ಗದೆ ಕೊನೆಗೆ ಕ್ಲಿಪ್ಪೇ ಹಾಕಬೇಕಾಯಿತು. ಮೊದಲ ವರ್ಷ ಕಾಯಿಲ್ ಮುಂದಿತ್ತು. ಆರು ವರ್ಷದ ಹೊತ್ತಿಗೆ ಮುಂಭಾಗದ ಗುಳ್ಳೆಗಳಲ್ಲಿ ವ್ಯತ್ಯಾಸ ಅಳಿಸಿಹೋಗಿತ್ತು, ಹಿಂಭಾಗದವುಗಳಲ್ಲಿ ಕಾಯಿಲ್ ಮುಂದೆಯೇ ಉಳಿಯಿತು.

ಹಾಗಾದರೆ ಯಾರಿಗೆ ಯಾವುದು

ಹಿಂಭಾಗದ ಬ್ಯಾಸಿಲಾರ್ ಅಪಧಮನಿಯ ತುದಿಯಲ್ಲಿದ್ದರೆ ಕಾಯಿಲ್, ಇದರಲ್ಲಿ ಹೆಚ್ಚು ಚರ್ಚೆ ಇಲ್ಲ. ಅಲ್ಲಿಗೆ ತಲೆಬುರುಡೆಯಿಂದ ಇಳಿಯುವ ದಾರಿ ಆಳ, ಸುತ್ತ ಜೀವ ಹಿಡಿದ ಸೂಕ್ಷ್ಮ ನಾಳಗಳು. ಎಪ್ಪತ್ತು ದಾಟಿದವರಿಗೆ, ಪ್ರಜ್ಞೆ ಕಳೆದುಕೊಂಡೇ ಬಂದವರಿಗೆ, ಹೃದಯ-ಶ್ವಾಸಕೋಶ ದುರ್ಬಲವಿದ್ದವರಿಗೆ ಸಹ ಕಾಯಿಲ್ ಕಡೆಗೇ ವಾಲುತ್ತಾರೆ. ಊದಿಕೊಂಡ ಮೆದುಳನ್ನು ಸರಿಸುವುದೇ ಅದಕ್ಕೊಂದು ಹೊಸ ಪೆಟ್ಟು.

ಮಿಡ್ಲ್ ಸೆರೆಬ್ರಲ್ ಅಪಧಮನಿ, ವರದಿಯಲ್ಲಿ ಎಂಸಿಎ ಎಂದಿರುತ್ತದೆ, ಅದು ಎರಡಾಗುವ ಕವಲಿನ ಗುಳ್ಳೆಗೆ ಕ್ಲಿಪ್ ಇಂದಿಗೂ ಗಟ್ಟಿ ಆಯ್ಕೆ. ಕಿವಿಯ ಮೇಲ್ಗಡೆಯಿಂದ ಅದು ಹತ್ತಿರ, ಕತ್ತು ಹೆಚ್ಚಾಗಿ ಅಗಲ, ಕವಲುಗಳು ಗುಳ್ಳೆಯ ಬುಡದಿಂದಲೇ ಹೊರಟಿರುತ್ತವೆ. ಕಾಯಿಲ್ ತುಂಬಹೊರಟರೆ ಕವಲಿನ ಬಾಯಿಯೇ ಮುಚ್ಚೀತು. ಒಡೆದಾಗ ಮೆದುಳಿನೊಳಗೆ 50 ಮಿಲಿಲೀಟರ್‌ಗಿಂತ ಹೆಚ್ಚು ರಕ್ತದ ಗಡ್ಡೆ ಕಟ್ಟಿದ್ದರೆ ಮಾತೇ ಬೇಡ, ಗಡ್ಡೆ ತೆಗೆಯಲು ಹೇಗೂ ತಲೆ ತೆರೆಯಬೇಕು, ಅದೇ ದಾರಿಯಲ್ಲಿ ಕ್ಲಿಪ್ಪೂ ಆಗುತ್ತದೆ.

ಮುಂಭಾಗದ ಎರಡು ನಾಳಗಳನ್ನು ಕೂಡಿಸುವ ಸೇತುವೆಯಲ್ಲಿ, ಅಂದರೆ ಎಕಾಂನಲ್ಲಿ, ಇರುವುದೇ ನಿಜವಾದ ತೂಗುಯ್ಯಾಲೆ. ಗುಳ್ಳೆ ಯಾವ ಕಡೆ ಮುಖ ಮಾಡಿದೆ ಎಂಬುದರ ಮೇಲೆ ಎರಡೂ ಸರಿ. ಕಿರಿದಾದ ಕತ್ತಾದರೆ ಕಾಯಿಲನ್ನೇ ಮೊದಲು ನೋಡುತ್ತಾರೆ. ಕ್ಲಿಪ್ ಹಾಕುವಾಗ ಅಲ್ಲಿನ ಸಣ್ಣ ನಾಳಗಳಿಗೆ ಪೆಟ್ಟಾದರೆ ಕೈಕಾಲು ಚೆನ್ನಾಗಿದ್ದೂ ನೆನಪು, ಸ್ವಭಾವ ಬದಲಾಗುತ್ತವೆ. ಅದು ಸ್ಕ್ಯಾನಿನಲ್ಲಿ ಕಾಣದಿದ್ದರೂ ಮನೆಯವರಿಗೆ ಮೊದಲ ವಾರವೇ ತಿಳಿಯುತ್ತದೆ.

ಪೀಕಾಂ ಎಂಬ ಕವಲಿನ ಗುಳ್ಳೆ ಕಣ್ಣು-ರೆಪ್ಪೆ ಆಡಿಸುವ ಪಕ್ಕದ ನರವನ್ನು ಒತ್ತಿದರೆ ಒಂದು ಕಣ್ಣಿನ ರೆಪ್ಪೆ ಜೋತುಬಿದ್ದು ಪಾಪೆ ಹಿಗ್ಗುತ್ತದೆ. ಒಡೆಯದಿದ್ದರೂ ಇದನ್ನು ತುರ್ತೆಂದೇ ಎಣಿಸಬೇಕು. ಕಣ್ಣಿನ ಡಾಕ್ಟರ ಬಳಿ ಕನ್ನಡಕಕ್ಕೆ ಅಳತೆ ಕೊಡುತ್ತ ಕೂರುವ ಹೊತ್ತಲ್ಲ.

ಮೂರನೆಯದು: ಫ್ಲೋ ಡೈವರ್ಟರ್

ಗುಳ್ಳೆಯೊಳಗೆ ಏನೂ ತುಂಬದೆ, ಅದರ ಬಾಯಿಗೆ ಅಡ್ಡವಾಗಿ ಮುಖ್ಯ ನಾಳದಲ್ಲಿ ಒತ್ತಾಗಿ ಹೆಣೆದ ಲೋಹದ ಜಾಲರಿಯ ಕೊಳವೆ ಇಡುವ ವಿಧಾನ ಇದು. ಹರಿವು ನೇರ ಸಾಗುತ್ತದೆ, ಗುಳ್ಳೆಯೊಳಗಿನ ರಕ್ತ ನಿಂತ ನೀರಾಗಿ ಹೆಪ್ಪುಗಟ್ಟುತ್ತದೆ, ಜಾಲರಿಯ ಮೇಲೆ ಹೊಸ ಪದರ ಬೆಳೆಯುತ್ತದೆ. ಪೈಪ್‌ಲೈನ್ ಎಂಬ ಉಪಕರಣಕ್ಕೆ 2011ರಲ್ಲಿ ಎಫ್‌ಡಿಎ ಅನುಮತಿ ಸಿಕ್ಕಿತು. ಕ್ಲಿಪ್ಪಿಗೂ ಕಾಯಿಲಿಗೂ ಬಗ್ಗದ ದೊಡ್ಡ, ಅಗಲ ಕತ್ತಿನ ಗುಳ್ಳೆಗಳಿಗೆ, ಅದರಲ್ಲೂ ಕಣ್ಣಿನ ಹಿಂದಿನ ಮುಖ್ಯ ನಾಳದವಕ್ಕೆ, ಇದು ನಿಜಕ್ಕೂ ಹೊಸ ದಾರಿ ಮಾಡಿಕೊಟ್ಟಿತು. ಅನುಮತಿಗೆ ಆಧಾರವಾದ ಪರೀಕ್ಷೆಯಲ್ಲಿ ಆರು ತಿಂಗಳಿಗೆ 73.6%, ಒಂದು ವರ್ಷಕ್ಕೆ 86.8% ಗುಳ್ಳೆಗಳು ಪೂರ್ತಿ ಮುಚ್ಚಿದ್ದವು.

ಅಂಕಿಯಲ್ಲೇ ಎಚ್ಚರಿಕೆಯೂ ಇದೆ. ಇದು ಇಂದು ಹಾಕಿ ಇಂದೇ ಮುಚ್ಚುವ ಉಪಾಯವಲ್ಲ. ಒಡೆದ ಗುಳ್ಳೆಗೆ ಇಂದೇ ಮುಚ್ಚುವುದು ಬೇಕು. ಜೊತೆಗೆ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡನ್ನೂ ತಿಂಗಳುಗಟ್ಟಲೆ ನುಂಗಬೇಕು. ಈಗಷ್ಟೇ ರಕ್ತ ಸೋರಿದ ತಲೆಯಲ್ಲಿ, ನೀರು ಹೊರಬಿಡಲು ನಳಿಕೆ ಇಳಿಸಬೇಕಾಗಿ ಬರಬಹುದಾದ ಹೊತ್ತಿನಲ್ಲಿ, ಈ ಎರಡು ಮಾತ್ರೆ ದೊಡ್ಡ ಅಡ್ಡಿ. ಆದ್ದರಿಂದ ಒಡೆದವಕ್ಕೆ ಬೇರೆ ದಾರಿಯೇ ಇಲ್ಲದಾಗ ಮಾತ್ರ. ಕ್ಲೊಪಿಡೊಗ್ರೆಲ್ ಕೆಲವರ ದೇಹದಲ್ಲಿ ಕೆಲಸ ಮಾಡುವ ರೂಪಕ್ಕೆ ಬದಲಾಗುವುದೇ ಇಲ್ಲ, ಏಷ್ಯಾದ ಜನರಲ್ಲಿ ಇಂಥವರು ಹೆಚ್ಚು. ಸ್ಟೆಂಟ್ ಇಡುವ ಮೊದಲು ಮಾತ್ರೆ ನಾಟುತ್ತಿದೆಯೇ ಎಂದು ರಕ್ತ ಪರೀಕ್ಷೆ ಮಾಡಿದ್ದಾರೆಯೇ ಎಂದು ಕೇಳಿ. ನಾಟದಿದ್ದರೆ ಟಿಕಾಗ್ರೆಲಾರ್‌ನಂಥ ಬೇರೆ ಮಾತ್ರೆ ಇದೆ. ಹಲ್ಲು ಕೀಳಿಸಲು ಹೋಗಿ, ಇಲ್ಲವೇ ಮಾತ್ರೆ ಮುಗಿಯಿತೆಂದು, ನಡುವೆ ನಿಲ್ಲಿಸಿದವರಲ್ಲಿ ಜಾಲರಿ ಕಟ್ಟಿಕೊಂಡು ಸ್ಟ್ರೋಕ್ ಆಗುತ್ತದೆ. ಊರಿನ ಅಂಗಡಿಯಲ್ಲಿ ಮಾತ್ರೆ ಸಿಗುವುದೋ ಇಲ್ಲವೋ ಎಂಬುದೂ ಈ ಆಯ್ಕೆಯ ಒಂದು ಭಾಗ.

ಒಡೆಯದೆ ಸಿಕ್ಕ ಗುಳ್ಳೆ

ತಲೆಸುತ್ತಿಗೆಂದು ಎಂಆರ್‌ಐ ಮಾಡಿಸಿದಾಗ 4 ಮಿಲಿಮೀಟರ್ ಗುಳ್ಳೆ ಸಿಗುತ್ತದೆ. ಅಂದಿನಿಂದ ಮನೆಮಂದಿಗೆ ನಿದ್ದೆಯಿಲ್ಲ. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಇಂಥದ್ದಿರುತ್ತದೆ, ಹೆಚ್ಚಿನವು ಬದುಕಿಡೀ ಒಡೆಯುವುದಿಲ್ಲ. 2003ರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಹಿಂದೆ ರಕ್ತಸ್ರಾವ ಆಗದವರ ಮುಂಭಾಗದ 7 ಮಿಲಿಮೀಟರ್‌ಗಿಂತ ಚಿಕ್ಕ ಗುಳ್ಳೆಗಳಲ್ಲಿ ಐದು ವರ್ಷದಲ್ಲಿ ಒಂದೂ ಒಡೆಯಲಿಲ್ಲ. 7ರಿಂದ 12 ಮಿಲಿಮೀಟರಿನವು 2.6%, 13ರಿಂದ 24ರವು 14.5%, ಅದಕ್ಕೂ ದೊಡ್ಡವು 40% ಒಡೆದವು. ಹಿಂಭಾಗದ ಮತ್ತು ಪೀಕಾಂ ಗುಳ್ಳೆಗಳಲ್ಲಿ ಇದೇ ಸಾಲು 2.5, 14.5, 18.4 ಮತ್ತು 50. ಆದರೂ ಒಡೆದು ಬರುವವರಲ್ಲಿ ಚಿಕ್ಕ ಗುಳ್ಳೆಯವರೇ ಹೆಚ್ಚಲ್ಲವೇ ಎಂದು ಕೇಳಬಹುದು. ಹೌದು, ಚಿಕ್ಕವು ಅಷ್ಟೊಂದು ಸಂಖ್ಯೆಯಲ್ಲಿವೆ. ಅವುಗಳಲ್ಲಿ ಕೆಲವೇ ಒಡೆದರೂ ಆಸ್ಪತ್ರೆ ತುಂಬುತ್ತದೆ.

ತೂಗಿ ನೋಡಲು ಫೇಸಸ್ ಎಂಬ ಅಂಕಪಟ್ಟಿ ಇದೆ. ಬಿಪಿಗೆ 1, ಎಪ್ಪತ್ತು ಮುಟ್ಟಿದ್ದರೆ 1, ಹಿಂದೆ ಬೇರೆ ಗುಳ್ಳೆ ಒಡೆದಿದ್ದರೆ 1. ಅಳತೆ 7ರಿಂದ 10 ಮಿಲಿಮೀಟರ್ ಒಳಗಿದ್ದರೆ 3, 10ರಿಂದ 20ರೊಳಗೆ 6, ಅದಕ್ಕೂ ಮೇಲೆ 10. ಎಂಸಿಎ ಕವಲಿಗೆ 2, ಎಕಾಂ, ಪೀಕಾಂ, ಹಿಂಭಾಗಕ್ಕೆ 4. ಬಿಪಿ ಇರುವ ಐವತ್ತರ ಒಬ್ಬರಿಗೆ ಎಕಾಂನಲ್ಲಿ 8 ಮಿಲಿಮೀಟರ್ ಗುಳ್ಳೆ ಇದ್ದರೆ ಒಟ್ಟು 8, ಅಂದರೆ ಐದು ವರ್ಷದಲ್ಲಿ ಒಡೆಯುವ ಸಾಧ್ಯತೆ 3.2%. ಬಿಪಿ ಇಲ್ಲದ ಅದೇ ವಯಸ್ಸಿನವರಿಗೆ ಕಣ್ಣಿನ ಹಿಂದಿನ ಮುಖ್ಯ ನಾಳದಲ್ಲಿ 4 ಮಿಲಿಮೀಟರಿನದಾದರೆ ಅಂಕ ಸೊನ್ನೆ, ಸಾಧ್ಯತೆ 0.4%. ಈ ಪಟ್ಟಿ ಅಮೆರಿಕ, ಯುರೋಪ್, ಜಪಾನಿನ ರೋಗಿಗಳಿಂದ ಕಟ್ಟಿದ್ದು, ಭಾರತೀಯರು ಇದರಲ್ಲಿ ಇಲ್ಲ ಎಂಬುದನ್ನು ನೆನಪಿಟ್ಟೇ ಓದಬೇಕು. ಗುಳ್ಳೆಯ ಮೇಲೆ ಮರಿಗುಳ್ಳೆ ಇದ್ದರೆ ಅಪಾಯ ಹೆಚ್ಚೆಂದು ಜಪಾನಿನ ದೊಡ್ಡ ಅಧ್ಯಯನ ತೋರಿಸಿದೆ. ಅದನ್ನು ಈ ಪಟ್ಟಿ ಎಣಿಸುವುದೇ ಇಲ್ಲ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಚಿಕಿತ್ಸೆಯ ಅಪಾಯ. ಒಡೆಯದ ಗುಳ್ಳೆಗಳ ಚಿಕಿತ್ಸೆಯ ಅನೇಕ ಅಧ್ಯಯನಗಳನ್ನು ಕೂಡಿಸಿದ 2019ರ ವಿಶ್ಲೇಷಣೆಯಲ್ಲಿ ತೊಡಕು ಕಂಡದ್ದು ನಾಳದೊಳಗಿನ ಚಿಕಿತ್ಸೆಯಲ್ಲಿ ಸುಮಾರು 5%, ತಲೆ ತೆರೆದದ್ದರಲ್ಲಿ ಸುಮಾರು 8%. 0.4% ಅಪಾಯದಿಂದ ಪಾರಾಗಲು 5% ಅಪಾಯಕ್ಕೆ ತಲೆಕೊಡುವುದು ಲೆಕ್ಕವಲ್ಲ. ಆಗ ಸುಮ್ಮನಿರುವುದೇ ಚಿಕಿತ್ಸೆ. ಸುಮ್ಮನೆ ಎಂದರೆ ಮರೆತುಬಿಡುವುದಲ್ಲ: ಬೀಡಿ-ಸಿಗರೇಟು ಪೂರ್ತಿ ಬಂದ್, ಬಿಪಿ ಹತೋಟಿ, ಆರು ತಿಂಗಳಿಗೋ ವರ್ಷಕ್ಕೋ ಡೈ ಇಲ್ಲದ ಎಂಆರ್ ಆಂಜಿಯೋ. ಬೆಳೆದರೆ ಲೆಕ್ಕ ಹೊಸದಾಗಿ ಶುರು. ಗುಳ್ಳೆ ಕರಗಿಸುವ ಮಾತ್ರೆ, ಕಷಾಯ, ಸ್ಟೆಮ್ ಸೆಲ್ ಇಂಜೆಕ್ಷನ್ ಎಂದು ಯಾರಾದರೂ ಮಾರಿದರೆ ಎದ್ದು ಬನ್ನಿ.

ಒಡೆದ ಗುಳ್ಳೆಗೆ ಯಾವುದನ್ನೇ ಮಾಡಿಸಿ, ಮುಂದಿನ ಮೂರು ವಾರ ಒಂದೇ

"ಆಪರೇಷನ್ ಸಕ್ಸಸ್ ಅಂದ್ರಲ್ಲ, ಹತ್ತು ದಿನ ಆದ್ಮೇಲೆ ಯಾಕೆ ಕೈ ಬಿತ್ತು?" ಎಂದು ಮನೆಯವರು ಕೇಳುವುದು ಇಲ್ಲಿ. ಗುಳ್ಳೆ ಮುಚ್ಚಿದರೂ ಸೋರಿದ ರಕ್ತ ಅಲ್ಲೇ ಇದೆ. ಅದು ಕರಗುತ್ತ ನಾಳಗಳನ್ನು ಕೆರಳಿಸಿ ಸೆಟೆದುಕೊಳ್ಳುವಂತೆ ಮಾಡುತ್ತದೆ. ಮೂರು-ನಾಲ್ಕನೇ ದಿನದಿಂದ ಹದಿನಾಲ್ಕರವರೆಗೆ ಇದರ ಕಾಲ, ಏಳರಿಂದ ಹತ್ತನೇ ದಿನ ತೀವ್ರ. ಇದಕ್ಕೆ ನಿಮೋಡಿಪಿನ್ ಎಂಬ ಮಾತ್ರೆ 60 ಮಿಲಿಗ್ರಾಂ ಪ್ರತಿ ನಾಲ್ಕು ಗಂಟೆಗೆ, 21 ದಿನ. ಬಿಪಿ ಕುಸಿದರೆ 30 ಮಿಲಿಗ್ರಾಂ ಪ್ರತಿ ಎರಡು ಗಂಟೆಗೆ ಎಂದು ಒಡೆದು ಕೊಡುತ್ತಾರೆ. ಮನೆಗೆ ಬಂದ ಮೇಲೂ ಮಧ್ಯರಾತ್ರಿಯ ಡೋಸ್ ಬಿಡುವಂತಿಲ್ಲ, ಅಲಾರಂ ಇಟ್ಟುಕೊಳ್ಳಿ. ನೀರು ತುಂಬಿ ಮೆದುಳು ಉಬ್ಬುವುದು ಇನ್ನೊಂದು ತೊಡಕು. ಮಂಪರು ಹೆಚ್ಚಿದರೆ, ನಡಿಗೆ ತಪ್ಪಿದರೆ, ಬಟ್ಟೆಯಲ್ಲೇ ಮೂತ್ರವಾದರೆ ನೆನಪಿಗೆ ಬರಬೇಕಾದದ್ದು ಅದು.

ಹಣ ಮತ್ತು ಆಸ್ಪತ್ರೆ

ಕ್ಲಿಪ್ ಸಾಮಾನ್ಯವಾಗಿ ಒಂದೋ ಎರಡೋ. ಖರ್ಚು ಹೆಚ್ಚಾಗಿ ಥಿಯೇಟರ್ ಮತ್ತು ಐಸಿಯು ದಿನಗಳದ್ದು. ಕಾಯಿಲ್ ಒಂದೊಂದಕ್ಕೂ ಬೆಲೆ. ಎಷ್ಟು ಹಿಡಿಯುತ್ತದೆಂದು ಒಳಗೆ ಹೋದ ಮೇಲೇ ತಿಳಿಯುವುದು, ಜೊತೆಗೆ ಕ್ಯಾಥೆಟರ್, ಬೇಕಾದರೆ ಬಲೂನು, ಸ್ಟೆಂಟ್. ಆದ್ದರಿಂದ "ಕಾಯಿಲಿಂಗಿಗೆ ಎಷ್ಟಾಗತ್ತೆ?" ಎಂದು ಕೇಳಬೇಡಿ. ಅಂದಾಜಿನಲ್ಲಿ ಎಷ್ಟು ಕಾಯಿಲ್ ಹಿಡಿದಿದ್ದೀರಿ, ಒಂದು ಹೆಚ್ಚಾದರೆ ಎಷ್ಟು, ಸ್ಟೆಂಟ್ ಸೇರಿದೆಯೇ, ಬೇರ್ಪಡಿಸದೆ ಹೊರತೆಗೆದ ಕಾಯಿಲಿಗೂ ಬಿಲ್ ಬೀಳುತ್ತದೆಯೇ ಎಂದು ಕೇಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಪ್ಯಾಕೇಜಿನಲ್ಲಿ ಎಷ್ಟು ಕಾಯಿಲ್ ಸೇರಿವೆ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿ. ಕಾಯಿಲ್ ಆಯ್ದುಕೊಂಡವರು ಮುಂದಿನ ಆಂಜಿಯೋಗಳ ಖರ್ಚನ್ನೂ ಇವತ್ತೇ ಕೂಡಿಕೊಳ್ಳಬೇಕು. ಆರು ತಿಂಗಳಿಗೆ ಒಂದು, ಆಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ. ಮರಳಿ ಬರಲಾಗದ ಊರಿನವರಿಗೆ, ಬರಲು ಮನಸ್ಸಿಲ್ಲದವರಿಗೆ ಕಾಯಿಲಿನ ಅರ್ಧ ಲಾಭ ಕೈತಪ್ಪುತ್ತದೆ.

ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಗಳಲ್ಲಿ ನರಶಸ್ತ್ರಚಿಕಿತ್ಸಕರೂ ನಾಳದೊಳಗಿನ ಚಿಕಿತ್ಸೆ ಮಾಡುವವರೂ ಒಂದೇ ಸೂರಿನಡಿ ಇದ್ದಾರೆ. ಖಾಸಗಿ ಆಸ್ಪತ್ರೆಗಳಲ್ಲೂ ಕೆಲವು ಕಡೆ ಉಂಟು. ಅಮೆರಿಕದ 2012ರ ಮಾರ್ಗಸೂಚಿ ವರ್ಷಕ್ಕೆ ಹತ್ತಕ್ಕಿಂತ ಕಡಿಮೆ ಒಡೆದ ಗುಳ್ಳೆ ನೋಡುವ ಆಸ್ಪತ್ರೆಯಿಂದ ಮೂವತ್ತೈದಕ್ಕಿಂತ ಹೆಚ್ಚು ನೋಡುವಲ್ಲಿಗೆ ಬೇಗ ಕಳಿಸಬೇಕೆನ್ನುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಎರಡೇ. ಕಳೆದ ವರ್ಷ ಇಲ್ಲಿ ಎಷ್ಟು ಕ್ಲಿಪ್, ಎಷ್ಟು ಕಾಯಿಲ್ ಆದವು? ಈ ಗುಳ್ಳೆಯ ಆಂಜಿಯೋವನ್ನು ಎರಡೂ ಬಗೆಯ ಡಾಕ್ಟರು ನೋಡಿದ್ದಾರೆಯೇ? ಎರಡನೆಯದಕ್ಕೆ ಉತ್ತರ ತಡವರಿಸಿದರೆ ಬೇರೆ ಕಡೆ ತೋರಿಸಲು ಸಿಡಿ ಕೇಳಿ ಪಡೆಯಿರಿ.

ಮನೆಗೆ ಹೊರಡುವ ದಿನ ಒಳಗಿಟ್ಟ ಉಪಕರಣದ ಕಾರ್ಡ್ ತಪ್ಪದೆ ಕೇಳಿ ತೆಗೆದುಕೊಳ್ಳಿ. ಟೈಟೇನಿಯಂ ಕ್ಲಿಪ್, ಪ್ಲಾಟಿನಂ ಕಾಯಿಲ್ ಇದ್ದವರಿಗೆ ಎಂಆರ್‌ಐ ಮಾಡಬಹುದು. ಹಳೆಯ ಕಾಲದ ಕೆಲವು ಉಕ್ಕಿನ ಕ್ಲಿಪ್ಪುಗಳು ಅಯಸ್ಕಾಂತಕ್ಕೆ ತಿರುಗಿಬಿಡುತ್ತವೆ. ಕಾರ್ಡ್ ಇಲ್ಲದಿದ್ದರೆ ಹತ್ತು ವರ್ಷದ ನಂತರ ಮಂಡಿ ನೋವಿಗೆ ಎಂಆರ್‌ಐ ಬರೆದಾಗಲೂ ತಂತ್ರಜ್ಞರು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಒಂದೇ ಮನೆಯಲ್ಲಿ ತಂದೆ-ತಾಯಿ, ಅಣ್ಣ-ತಮ್ಮ, ಅಕ್ಕ-ತಂಗಿಯರಲ್ಲಿ ಇಬ್ಬರಿಗೆ ಗುಳ್ಳೆ ಕಂಡಿದ್ದರೆ ಉಳಿದವರೂ ಒಮ್ಮೆ ಎಂಆರ್ ಆಂಜಿಯೋ ಮಾಡಿಸಬೇಕು. ಕಿಡ್ನಿಯಲ್ಲಿ ನೀರ್ಗುಳ್ಳೆಗಳು ತುಂಬುವ ವಂಶವಾಹಿ ಕಾಯಿಲೆ ಇರುವವರೂ ಈ ಬಗ್ಗೆ ಡಾಕ್ಟರನ್ನು ಕೇಳಬೇಕು.